ನಾಲ್ಕು ಗಂಟಿನ ಕಲ್ಲು

“ಪಗಾರ ಕೊಟ್ಟು ಕಲ್ಲು ತಿಕ್ಕಸ್ತಾರಂತ? ಮನ್ಯಾಗ ಇಷ್ಟು ವರ್ಷ ಪುಕ್ಕಟೆ ತಿಕ್ಕಿದೆಲ್ಲ ಬೇ!” ಎಂದು ನಮ್ಮ ಯಜಮಾನರು ಚಹಾ ಕುಡಿಯುವುದು ಬಿಟ್ಟು ನಕ್ಕರು. ಅವರು ರೈಸ್‌ಮಿಲ್ಲಿನಲ್ಲಿ ತೂಕದ ಮುಂದೆ ನಿಲ್ಲುವವರು. ಚೀಲ ಎತ್ತದೆ ಇಳಿಸದೆ ಆಗುವುದೂ ಒಂದು ಕೆಲಸ ಎಂದು ಅವರಿಗೆ ಅನ್ನಿಸುವುದಿಲ್ಲ. ನಾನೂ ನಕ್ಕೆ. ಆದರೆ ಮರುದಿನ ಸ್ನಾನ, ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಹೋದೆ.

ರಾಯಚೂರಿನ ನಮ್ಮ ಓಣಿಯ ಕೊನೆಯ ಮನೆಯನ್ನು ಬಾಡಿಗೆಗೆ ಹಿಡಿದಿದ್ದ ಮೇಡಂ ಬೆಂಗಳೂರಿನವರು. ಮನುಷ್ಯನಿಗೆ ಒಂದು ಗೆರೆ, ಒಂದು ಬಣ್ಣ, ಕೊರಳಿನ ಒಂದು ಮಣಿ ಇನ್ನೇನನ್ನೋ ಹೇಳುತ್ತದೆ ಎಂದು ಮೊಟ್ಟಮೊದಲು ಯಾವಾಗ ಹೊಳೆಯಿತು, ಗುರುತು ಹಾಕುವುದನ್ನು ಅವನು ಯಾವಾಗ ಕಲಿತ ಎನ್ನುವುದು ಅವರ ಸಂಶೋಧನೆ. ಅದಕ್ಕೆ ಅವರು ಹಿಡಿದಿದ್ದ ದಾರಿ ಕೆಂಪು ಕಲ್ಲು. ನಮ್ಮ ಕಡೆ ಹುರಮಂಜು ಅನ್ನುತ್ತೇವೆ. ಶುಕ್ರವಾರ ಹೊಸ್ತಿಲು ಸಾರಿಸಿದ ಮೇಲೆ ತೇದು ಹಚ್ಚುವ ಬಣ್ಣ, ಒಲೆಗೆ ಬಳಿಯುವ ಬಣ್ಣ, ಗೋಡೆಯ ಬುಡಕ್ಕೆ ಸುಣ್ಣದ ಪಟ್ಟೆಯ ಪಕ್ಕ ಎಳೆಯುವ ಪಟ್ಟೆ. ಇದೇ ಕಲ್ಲನ್ನು ಎಷ್ಟೋ ಸಾವಿರ ವರ್ಷದ ಹಿಂದಿನ ಜನ ತೇದು ಮೈಗೂ ಬಂಡೆಗೂ ಬಳಿದರಂತೆ. ಅವರು ತೇದು ಬಿಟ್ಟ ತುಂಡುಗಳು ದೇವದುರ್ಗದ ಕಡೆಯ ಒಂದು ಗುಡ್ಡದ ಇಳಿಜಾರಿನಲ್ಲಿ ಮೇಡಂಗೆ ಸಿಕ್ಕಿದ್ದವು, ನಲವತ್ತೊಂದು. ಅವುಗಳ ಮೇಲಿನ ಗೀರುಗಳು ಬಣ್ಣಕ್ಕಾಗಿ ತೇದಾಗ ಆದವೋ, ಯಾರಾದರೂ ಬೇಕೆಂದೇ ಬರೆದವೋ ಎಂದು ತಿಳಿಯಬೇಕಿತ್ತು.

ತಿಳಿಯುವ ರೀತಿ ಹೀಗೆ. ಹೊಸದಾಗಿ ಆರಿಸಿ ತಂದ ಕೆಂಪು ಕಲ್ಲನ್ನು ನಾನು ಮರಳುಗಲ್ಲಿನ ಹಾಸಿನ ಮೇಲೆ ಇನ್ನೂರು ಸಲ ತಿಕ್ಕಬೇಕು, ಒಂದೇ ದಿಕ್ಕಿಗೆ, ಒಂದೇ ಭಾರ ಬಿಟ್ಟು. ತಿಕ್ಕುವ ಮೊದಲು ತೂಕ, ತಿಕ್ಕಿದ ಮೇಲೆ ತೂಕ. ಆಮೇಲೆ ಮೇಡಂ ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಗೀರುಗಳ ಫೋಟೋ ತೆಗೆಯುತ್ತಾರೆ. ಮೊದಲ ವಾರದ ಕೆಲಸ ಪೂರಾ ನೀರಿಗೆ ಹೋಯಿತು. ನಿಜವಾಗಿ ನೀರಿಗೇ ಹೋಯಿತು: ಗಂಧ ತೇಯುವ ರೂಢಿಯಲ್ಲಿ ನಾನು ಹಾಸುಗಲ್ಲಿಗೆ ಎರಡು ಹನಿ ನೀರು ಚಿಮುಕಿಸಿಕೊಳ್ಳುತ್ತಿದ್ದೆ. ಒದ್ದೆ ಹಾಸಿನ ಗೀರು ಬೇರೆ, ಒಣ ಹಾಸಿನ ಗೀರು ಬೇರೆ. ಮೇಡಂ ಬೈಯಲಿಲ್ಲ. ಆ ಹದಿನೆಂಟು ಕಲ್ಲನ್ನು ಪಕ್ಕಕ್ಕಿಟ್ಟು, “ಇದನ್ನೂ ಬರ್ಕೊಳ್ಳೋಣ, ಒದ್ದೆ ಮಾಡಿದ್ರೆ ಹೀಗಾಗತ್ತೆ ಅಂತ,” ಎಂದರು. ಅವರ ಒಳ್ಳೆಯತನವನ್ನೂ ಹೇಳದೆ ಮುಂದಿನದನ್ನು ಹೇಳಿದರೆ ದೇವರು ಮೆಚ್ಚುವುದಿಲ್ಲ. ಇನ್ನೊಂದು ಮಾತನ್ನೂ ಅವರೇ ಕಲಿಸಿದರು: ತಿಕ್ಕಿದ ಗೀರು ಕಲ್ಲಿನ ಅಂಚು ದಾಟಿ ಓಡಿಹೋಗುತ್ತದೆ, ಬರೆದ ಗೆರೆ ಒಂದು ಕಡೆ ಶುರುವಾಗಿ ಒಂದು ಕಡೆ ನಿಲ್ಲುತ್ತದೆ.

ನನ್ನ ಎರಡನೇ ಕೆಲಸ ಊರೂರು ತಿರುಗುವುದು. ಮನೆಗಳಲ್ಲಿ ಹೆಂಗಸರು ಬಳಸಿ ಸವೆಸಿದ ಹುರಮಂಜಿನ ಕಲ್ಲುಗಳನ್ನು ಎರವಲು ತಂದು, ಗುಡ್ಡದ ಕಲ್ಲುಗಳ ಜೊತೆ ಹೋಲಿಸಿ ನೋಡಿ, ಹಿಂತಿರುಗಿಸಬೇಕು. ಮೇಡಂ ಹೋದರೆ ಹೆಂಗಸರು ಕುರ್ಚಿ ಹಾಕುತ್ತಿದ್ದರು, ಚಹಾ ಕೊಡುತ್ತಿದ್ದರು, ಕಲ್ಲು ಮಾತ್ರ ತೋರಿಸುತ್ತಿರಲಿಲ್ಲ. ನಾನು ಹೋದರೆ ಒಲೆಯ ಹತ್ತಿರ ಕೂಡಿಸಿಕೊಂಡು ತೋರಿಸುತ್ತಿದ್ದರು. ದೇವದುರ್ಗ, ಮಾನ್ವಿ ಎರಡೂ ತಾಲೂಕು ತಿರುಗಿ ಏಳು ಕಲ್ಲು ತಂದೆ.

ಅವುಗಳಲ್ಲಿ ಒಂದು ದೇವದುರ್ಗದ ಆಚೆಯ ಹಳ್ಳಿಯ ಒಬ್ಬ ಅಜ್ಜಿಯದು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

“ಒಯ್ದು ಏನ್ ಮಾಡ್ತಾರ ನಿಮ್ಮ ಮೇಡಂ?”

“ನೋಡ್ತಾರ ಯವ್ವಾ.”

“ನೋಡಾಕ ಒಯ್ಯಬೇಕೇನು? ಹೆಣ್ಣು ನೋಡಾಕ ಬಂದೋರು ಹೆಣ್ಣಿನ ಮನಿಗೇ ಬರ್ತಾರ. ನೋಡಿ ಬರ್ತೀವಿ ಅಂತ ಹುಡುಗೀನ ಹೊತ್ಕೊಂಡು ಹೋಗ್ತಾರೇನು?”

ಮನೆ ತುಂಬ ನಗು. ಕಡೆಗೆ ಕೊಟ್ಟಳು, ಚೀಲದಲ್ಲಿ ಹಾಕಗೊಡದೆ ನನ್ನ ಸೆರಗಿನಲ್ಲೇ ಕಟ್ಟಿದಳು. ಮೂರು ಕರಾರು: ಶಾಯಿ ತಾಗಬಾರದು, ಒಡೆಯಬಾರದು, ಮೊಮ್ಮಗನ ಹೆಂಡತಿಯ ಹೆರಿಗೆಯೊಳಗೆ ವಾಪಸು ಬರಬೇಕು. ಆ ಹುಡುಗಿ ಮಾನ್ವಿಯ ತವರಿನಲ್ಲಿದ್ದಳು, ದಿನ ತುಂಬಲು ಇನ್ನೂ ಇಪ್ಪತ್ತು ದಿನ ಇತ್ತು. ಕೂಸು ಹುಟ್ಟಿದ ಐದನೇ ದಿನ ಸೆಟಿವಿ ತಾಯಿ ಹಣೆಬರಹ ಬರೆಯಲು ಬರುತ್ತಾಳೆ. ಅವಳು ಬರುವ ಬಾಗಿಲಿಗೆ ಈ ಕಲ್ಲಿನಿಂದಲೇ ಕೆಂಪು ಹಚ್ಚುವುದು ಅವರ ಮನೆಯ ಪದ್ಧತಿ. ಕಲ್ಲಿನ ಒಂದು ಮುಖದ ತುಂಬ ಗೆರೆಗಳಿದ್ದವು. “ಇವು ಏನು ಯವ್ವಾ?” ಎಂದರೆ, “ನಮ್ಮ ಮನಿ ಮಂದಿ ಅದಾರ ಅದರಾಗ,” ಎಂದಷ್ಟೇ ಹೇಳಿದಳು. ನನ್ನ ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡೆ.

ಇನ್ನೊಂದು ಜಾಲಹಳ್ಳಿಯ ಅಕ್ಕನದು. ಅವಳ ಕಲ್ಲಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಸವೆದ ಬೆಲ್ಲದ ಅಚ್ಚಿನ ಹಾಗೆ ನುಣುಪು. ತವರಿನಿಂದ ಬರುವಾಗ ತಾಯಿ ಅಕ್ಕಿಯ ಜೊತೆ ಉಡಿಯಲ್ಲಿ ಹಾಕಿದ್ದಂತೆ. “ಒಯ್ರಿ ಅಕ್ಕಾ, ನಿಮಗ್ಯಾಕ ಇಲ್ಲ ಅನ್ಲಿ,” ಎಂದು ಒಂದೂ ಕರಾರು ಹಾಕದೆ ಕೊಟ್ಟಳು.

ಗುರುತು ಹಾಕುವ ಪ್ರಶ್ನೆ ಬಂತು. ಕಲ್ಲಿನ ಮೂಲೆಗೆ ಬಣ್ಣವಿಲ್ಲದ ಉಗುರುಬಣ್ಣ ಬಳಿದು, ಒಣಗಿದ ಮೇಲೆ ಸಣ್ಣ ನಿಬ್ಬಿನಿಂದ ನಂಬರು ಬರೆದು, ಮೇಲೆ ಇನ್ನೊಂದು ಸಲ ಬಳಿಯುವುದು ಮೇಡಂ ಕ್ರಮ. ಎರವಲು ತಂದ ಕಲ್ಲುಗಳಿಗೆ ಅದನ್ನು ಮಾಡಲಾರೆ ಎಂದೆ. ದೇವರ ಮುಂದೆ ಇಡುವ ಕಲ್ಲಿಗೆ ಶಾಯಿ ಹಚ್ಚುವುದು ಹೇಗೆ? ನನಗೆ ತೋಚಿದ್ದು ಅರಿಶಿನದ ದಾರ. ಒಂದೊಂದು ಕಲ್ಲಿನ ನಡುವಿಗೆ ಒಂದೊಂದು ದಾರ ಸುತ್ತಿ ಗಂಟು ಹಾಕಿದೆ. ಮೊದಲ ಮನೆಗೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಏಳರವರೆಗೆ. ಜಾಲಹಳ್ಳಿ ಅಕ್ಕನದು ನಾಲ್ಕು, ಅಜ್ಜಿಯದು ಆರು. ಯಾವ ಗಂಟು ಯಾರ ಮನೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಮೇಡಂ ಫೋನಿನಲ್ಲಿದ್ದಾಗ ಅವರ ಮುಂದೆ ಹಿಡಿದು ತೋರಿಸಿ ಹೇಳಿದೆ. ತಲೆ ಆಡಿಸಿದರು. ಆಡಿಸಿದ್ದು ನನಗೋ ಫೋನಿನಲ್ಲಿದ್ದವರಿಗೋ ಎಂದು ಆಗ ನಾನು ಕೇಳಿಕೊಳ್ಳಲಿಲ್ಲ. ನನ್ನ ಪಾಲಿನ ತಪ್ಪು ಇದೆಯೆಂದರೆ ಇದೊಂದೇ.

ಗುಡ್ಡದ ಕಲ್ಲುಗಳು ನೀಲಿ ಟ್ರೇಯಲ್ಲಿ, ಮನೆಯ ಕಲ್ಲುಗಳು ಬಿಳಿ ಟ್ರೇಯಲ್ಲಿ. ಗುಡ್ಡದವನ್ನು ಇನ್ನೂ ತೊಳೆದಿರಲಿಲ್ಲ. ತೊಳೆದು ಒಣಗಿಸಿದ ಮೇಲೆಯೇ ನಂಬರು, ಆಮೇಲೆ ಫೋಟೋ. ಮನೆಯ ಕಲ್ಲುಗಳ ಫೋಟೋಗೆ ಮುಂದಿನ ವಾರ ಎಂದು ಗೊತ್ತಾಗಿತ್ತು.

ಕಾರ್ತಿಕದ ಕಡೆಯ ಸೋಮವಾರ ರಜೆ ತೆಗೆದುಕೊಂಡು ದೇವಸುಗೂರಿಗೆ ಹೋದೆ. ಹೊಳೆಯಲ್ಲಿ ಮಿಂದು, ಸುಗೂರೇಶ್ವರನಿಗೆ ಎಣ್ಣೆ ಬತ್ತಿ ಕೊಟ್ಟು, ಅಷ್ಟೂ ಗದ್ದಲದಲ್ಲಿ ನನಗೆ ಗರ್ಭಗುಡಿಯ ನೇರಕ್ಕೇ ನಿಲ್ಲಲು ಜಾಗ ಸಿಕ್ಕಿತು. ಅದನ್ನೊಂದು ಪುಣ್ಯವೆಂದು ಎಣಿಸಿಕೊಂಡು ಮನೆಗೆ ಬಂದೆ. ಮಂಗಳವಾರ ಬೆಳಿಗ್ಗೆ ಪ್ರಸಾದದ ಪೊಟ್ಟಣ ಹಿಡಿದು ಮೇಡಂ ಮನೆಯ ಬಾಗಿಲು ತಳ್ಳಿದರೆ, ಪಡಸಾಲೆಯ ನೆಲದ ಮೇಲೆ ಹಳೆಯ ಪೇಪರು ಹಾಸಿ ಅದರ ಮೇಲೆ ಕೆಂಪು ಕಲ್ಲುಗಳನ್ನು ಸಾಲಾಗಿ ಹರಡಿತ್ತು. ಎಲ್ಲ ತೊಳೆದು ಒಣಗಿ ಒಂದೇ ಬಣ್ಣಕ್ಕೆ ಬಂದಿದ್ದವು. ನೀಲಿ ಟ್ರೇ ಖಾಲಿ, ಬಿಳಿ ಟ್ರೇಯೂ ಖಾಲಿ.

ಬಾಗಿಲ ಪಕ್ಕದ ಕಸದ ಬುಟ್ಟಿಯಲ್ಲಿ ಹಳದಿ ಕಂಡಿತು. ಬಾಗಿ ತೆಗೆದೆ. ಏಳು ದಾರ. ಗಂಟುಗಳು ಹಾಕಿದ ಹಾಗೇ ಇದ್ದವು, ದಾರವನ್ನು ಮಾತ್ರ ಕತ್ತರಿಯಿಂದ ಕತ್ತರಿಸಿತ್ತು.

ಆಗಿದ್ದು ಇಷ್ಟು. ಗುರುವಾರ ಬರಬೇಕಿದ್ದ ಸರ್ ಸೋಮವಾರವೇ ಬಂದಿದ್ದರು. ಸರ್ ಎಂದರೆ ಮೇಡಂಗೂ ದೊಡ್ಡವರು, ಕಲ್ಲನ್ನು ಕೊಯ್ದು ಒಳಗಿನ ಕಣ ನೋಡಿ ಎಲ್ಲಿಯದೆಂದು ಹೇಳುವವರು. ಅವರು ಬರುತ್ತಾರೆಂಬ ಗಡಿಬಿಡಿಯಲ್ಲಿ ಮೇಡಂ ಎರಡೂ ಟ್ರೇಗಳನ್ನು ಒಂದೇ ಬಕೆಟ್ಟಿಗೆ ಸುರಿದು, ಹಲ್ಲುಜ್ಜುವ ಬ್ರಶ್ಶಿನಿಂದ ತಾವೇ ತಿಕ್ಕಿ ತೊಳೆದಿದ್ದರು.

“ಮೇಡಂ, ಇವು ಯಾಕ ಕತ್ರಿಸಿದ್ರಿ?” ಎಂದು ದಾರ ಹಿಡಿದು ಕೇಳಿದೆ.

“ಪೂಜೆ ದಾರ ಅಂದ್ಕೊಂಡೆ ಅಮ್ಮ. ನೀವು ಎಲ್ಲದಕ್ಕೂ ಏನಾದ್ರೂ ಕಟ್ತಾ ಇರ್ತೀರಲ್ಲ.”

ನಾನು ಪೂಜೆ ಮಾಡುವವಳೇ, ಸುಳ್ಳಲ್ಲ. ಆದರೆ ಪೂಜೆಯ ದಾರವೆಂದರೆ ಅರ್ಥವಿಲ್ಲದ ದಾರವೇ? ಕಟ್ಟಿದವಳಿಗೆ ತಲೆಯಿಲ್ಲವೇ? ಒಂದರಿಂದ ಏಳರವರೆಗೆ ಗಂಟು ಏರುತ್ತ ಹೋಗಿದೆ. ಕತ್ತರಿಸುವಾಗ ಏಳು ಸಲ ಕೈಗೆ ಸಿಕ್ಕಿದೆ. ಮನುಷ್ಯ ಮೊದಲ ಗುರುತು ಯಾವಾಗ ಹಾಕಿದ ಎಂದು ಗುಡ್ಡ ಗುಡ್ಡ ಅಲೆದು ಮಂಡಿಯೂರಿ ಹುಡುಕುವವರಿಗೆ, ಓಣಿಯ ಹೆಂಗಸು ಮೊನ್ನೆ ಹಾಕಿದ ಗುರುತು ಕಾಣಲಿಲ್ಲ. ಸಿಟ್ಟು ನನ್ನ ತಲೆಗೆ ಏರಿದ್ದು ಆಗ. ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅಷ್ಟರಲ್ಲಿ ಒಳಗಿನಿಂದ ಸರ್ ಬಂದರು. ಕೈಯಲ್ಲಿ ಅಜ್ಜಿಯ ಕಲ್ಲಿತ್ತು.

“ನೋಡಿ, ಈ ಗೆರೆಗಳು ಅಂಚು ದಾಟಿಲ್ಲ. ಉದ್ದ ಗೆರೆ, ಮೇಲೆ ಅಡ್ಡ ಗೆರೆ. ಇದು ತೇದು ಆದದ್ದಲ್ಲ, ಯಾರೋ ಬೇಕಂತಲೇ ಮಾಡಿದ್ದು. ನಲವತ್ತೆಂಟರಲ್ಲಿ ಇದೇ ರಾಜ,” ಎಂದು ಮೇಡಂಗೆ ತೋರಿಸುತ್ತಿದ್ದರು. ಮುಖ ಹಬ್ಬದ ಹುಡುಗನ ಹಾಗಿತ್ತು.

“ನಲವತ್ತೊಂದ್ರೀ ಸರ್,” ಎಂದೆ. “ಏಳು ಮನಿವು ಅದಾವ. ನಿಮ್ಮ ಕೈಯಾಗಿಂದು ದೇವದುರ್ಗದ ಕಡೆ ಒಬ್ಬ ಅಜ್ಜೀದು.”

ಅವರು ಮೇಡಂ ಕಡೆ ನೋಡಿದರು. ಮೇಡಂ, “ಇವರು ನಮ್ಮ ಲೋಕಲ್ ಸಹಾಯಕಿ, ಕಲ್ಲು ತಿಕ್ಕೋರು,” ಎಂದರು. ಆಗಲೂ ಏಳು ಕಲ್ಲು ಬೆರೆತಿವೆ ಎಂದು ಅವರ ಬಾಯಿಂದ ಬರಲಿಲ್ಲ.

“ಎಲ್ಲಾ ಕೆಂಪು ಕಲ್ಲೂ ನೋಡೋಕೆ ಒಂದೇ ಥರ ಇರ್ತವಮ್ಮ,” ಎಂದರು ಸರ್, ಸಮಾಧಾನದ ದನಿಯಲ್ಲಿ. “ಅಜ್ಜಿದು ಇದರ ಹಾಗೇ ಇತ್ತೇನೋ. ಗುರುತು ಹಾಕಿದ್ರೆ ಈ ಗೊಂದಲ ಇರ್ತಿರಲಿಲ್ಲ.”

ನಾನು ಏಳು ದಾರ ಮೇಜಿನ ಮೇಲೆ ಇಟ್ಟೆ. “ಹಾಕಿದ್ದೆ ರೀ ಸರ್.” ಅವರು ದಾರ ನೋಡಿದರು, ಕಲ್ಲು ನೋಡಿದರು. “ಈಗ ಯಾವ ದಾರ ಯಾವ ಕಲ್ಲಿಂದು ಅಂತ ಹೇಳೋಕಾಗಲ್ವಲ್ಲ,” ಎಂದರು. ಆ ಮಾತು ಸರಿಯೇ. ಕತ್ತರಿಸಿದವರು ಮೇಡಂ, ಹೇಳಲಾಗದ ತಪ್ಪು ಮಾತ್ರ ನನ್ನ ತಲೆಗೆ.

ಗುರುವಾರ ಬೆಳಿಗ್ಗೆ ಆರಿಸಿದ ಕಲ್ಲುಗಳನ್ನು ಒಯ್ದು ಕೊಯ್ಯಿಸುವುದಾಗಿ ಹೇಳಿ ಸರ್ ಅಜ್ಜಿಯ ಕಲ್ಲನ್ನು ಹತ್ತಿ ತುಂಬಿದ ಡಬ್ಬಿಯಲ್ಲಿಟ್ಟರು. ನಾನಿನ್ನೂ ಅಲ್ಲೇ ನಿಂತಿದ್ದಾಗ ನನ್ನ ಫೋನು ರಿಂಗಾಯಿತು. ಅಜ್ಜಿ.

“ಯವ್ವಾ, ಹುಡುಗಿ ಹಗುರಾದ್ಳು! ಆದಿತ್ಯವಾರ ಹೆಣ್ಣು ಕೂಸು. ಅವಸರದ ಕೂಸು, ದಿನ ತುಂಬೋದರಾಗ ಬಂತು. ಗುರುವಾರಕ್ಕ ಐದು ದಿನ. ಕಲ್ಲು ತೊಗೊಂಡು ಬಾ.”

“ಕೂಸು ಹ್ಯಾಂಗದ?” ಎಂದು ಕೇಳಿದೆ. ಬೇರೆ ಏನು ಕೇಳಲೂ ಧೈರ್ಯವಿರಲಿಲ್ಲ.

“ಅಂಗೈಯಾಗ ಹಿಡಿಸ್ತದ. ಅದಕ್ಕ ಅಂಜಿಕಿ. ಕಲ್ಲು ಮರೀಬ್ಯಾಡ.”

ಆ ದಿನ ಮಧ್ಯಾಹ್ನ ಮೇಡಂ, ಸರ್ ಇಬ್ಬರೂ ಊಟಕ್ಕೆ ಹೊರಗೆ ಹೋದರು. ಬೀಗದ ಕೈ ನನ್ನ ಹತ್ತಿರವೇ ಇತ್ತು, ಡಬ್ಬಿ ಮೇಜಿನ ಮೇಲೆಯೇ ಇತ್ತು. ಅಜ್ಜಿ ಸೆರಗಿನಲ್ಲಿ ಕಟ್ಟಿ ಕೊಟ್ಟಿದ್ದನ್ನು ಸೆರಗಿನಲ್ಲೇ ಕಟ್ಟಿಕೊಂಡು ಹೊರಟುಬಿಡಬಹುದಿತ್ತು. ಡಬ್ಬಿಯ ಮುಚ್ಚಳ ತೆಗೆದೆ ಕೂಡ. ಆಮೇಲೆ ಮುಚ್ಚಿದೆ. ಒಯ್ದಿದ್ದರೆ ಅದು ನನ್ನ ಕಳ್ಳತನ ಆಗುತ್ತಿತ್ತು. ಅವರ ತಪ್ಪಿನ ಮೇಲೆ ನನ್ನ ತಪ್ಪು ಹೊದಿಸಿದ ಹಾಗೆ. ಕೆಳಗಿನದು ಯಾರಿಗೂ ಕಾಣುವುದೇ ಇಲ್ಲ. ಕಲ್ಲು ಅಜ್ಜಿಗೆ ಹೋಗಬೇಕು, ಕೊಡಬೇಕಾದವರು ಅವರೇ, ತಮ್ಮ ಕೈಯಿಂದಲೇ ಕೊಡಬೇಕು. ಕಲ್ಲು ಅಜ್ಜಿಯ ಹತ್ತಿರ ಹೋಗಲಾರದಿದ್ದರೆ ಅಜ್ಜಿಯೇ ಕಲ್ಲಿನ ಹತ್ತಿರ ಬರಬೇಕು ಎಂದು ಅಲ್ಲಿಯೇ ನಿಶ್ಚಯ ಮಾಡಿದೆ.

ಬುಧವಾರ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋಗಿ, ಅಲ್ಲಿಂದ ಟಂಟಂ ಹತ್ತಿ ಅಜ್ಜಿಯ ಹಳ್ಳಿ ಮುಟ್ಟಿದೆ. ಆದದ್ದನ್ನು ಮುಚ್ಚದೆ ಹೇಳಿದೆ. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕೂತಿದ್ದೆ.

“ದಾರ ಕತ್ರಿಸಿದ್ರಾ?”

“ಹೌದು ಯವ್ವಾ.”

“ಗಂಟು ಕಂಡ ಮ್ಯಾಲೂ?”

“ಹೌದು.”

“ಮತ್ತ ನಡಿ. ನನ್ನ ಕೋಲು ಎಲ್ಲದ ನೋಡು.”

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಅವಳಿಗೆ ವಾಂತಿಯಾಗಲಿಲ್ಲ. ಇಂಥವನ್ನೂ ನಾನು ಎಣಿಸುತ್ತೇನೆ. ಮಧ್ಯಾಹ್ನದ ಹೊತ್ತಿಗೆ ಮೇಡಂ ಮನೆಯಲ್ಲಿದ್ದೆವು. ಸರ್ ಎದ್ದು ಕುರ್ಚಿ ಕೊಟ್ಟರು. ಅಜ್ಜಿ ನೆಲದ ಮೇಲೆಯೇ ಕೂತಳು, ಕೋಲು ಪಕ್ಕಕ್ಕಿಟ್ಟಳು.

“ಕಲ್ಲು ನನ್ನ ಕೈಯಾಗ ಕೊಡಬ್ಯಾಡ್ರಿ,” ಎಂದಳು. “ನಿಮ್ಮ ಕೈಯಾಗೇ ಇರ್ಲಿ. ನಾ ಹೇಳ್ತೀನಿ, ನೀವು ನೋಡ್ರಿ. ಒಂದು ಮೋತಿ ಮ್ಯಾಲ ಗೆರಿ, ಇನ್ನೊಂದು ಮೋತಿ ನುಣ್ಣಗ. ಹನ್ನೊಂದು ಉದ್ದ ಗೆರಿ. ಅದರಾಗ ನಾಲ್ಕಕ್ಕ ಅಡ್ಡ ಗೆರಿ.”

ಸರ್ ಡಬ್ಬಿ ತೆರೆದು ಎಣಿಸಿದರು. “ಅಡ್ಡ ನಾಲ್ಕಿವೆ. ಉದ್ದ ಹತ್ತೇ ಇದೆಯಲ್ಲ ಅಜ್ಜಿ.”

“ಹನ್ನೊಂದು.”

ಇನ್ನೊಮ್ಮೆ ಎಣಿಸಿದರು. “ಹತ್ತೇ.”

“ಯಪ್ಪಾ, ನನಗ ಕಣ್ಣಾಗ ಪೊರಿ ಅದ. ನಿಮಗೇನಾಗ್ಯದ? ತುದಿಗೆ ಒಂದು ಚಕ್ಕಿ ಎದ್ದದ, ಅದರ ಸಂದ್ಯಾಗ ನೋಡ್ರಿ. ನಮ್ಮತ್ತಿ ಹಾಕಿದ ಮೊದಲನೇ ಗೆರಿ ಅದು, ಸವದದ.”

ಸರ್ ಕಿಸೆಯಿಂದ ಭೂತಗನ್ನಡಿ ತೆಗೆದು ಕಿಟಕಿಯ ಬೆಳಕಿಗೆ ಹೋದರು. ಕಲ್ಲನ್ನು ಓರೆ ಹಿಡಿದರು. ನಾನು ಮನಸ್ಸಿನಲ್ಲಿ ಪಂಚಾಕ್ಷರಿ ಹೇಳುತ್ತಿದ್ದೆ. ಐದಾರು ಸಲ ಆಗಿರಬೇಕು.

“ಇದೆ,” ಎಂದರು.

“ಒಂದೊಂದು ಗೆರಿ ಒಂದೊಂದು ಕೂಸು,” ಎಂದಳು ಅಜ್ಜಿ. “ಐದನೇ ದಿನ ಬಾಗಲಕ್ಕ ಕೆಂಪು ಹಚ್ಚಿ ದಬ್ಬಣದಲೆ ಗೆರಿ ಕೊರೀತೀವಿ. ನಮ್ಮತ್ತೀವು ಐದು, ನನ್ನವು ನಾಲ್ಕು, ಸೊಸೀವು ಎರಡು.”

“ಅಡ್ಡ ಗೆರೆ?” ಎಂದು ಕೇಳಿದರು ಸರ್.

“ಹೋದವಕ್ಕ.”

ಅಜ್ಜಿ ಕೈ ಚಾಚಿದಳು, ಸರ್ ತಂದು ಇಟ್ಟರು. ಅವಳ ಹೆಬ್ಬೆರಳು ತಾನಾಗಿಯೇ ನಡುವಿನ ಒಂದು ಗೆರೆಗೆ ಹೋಗಿ ನಿಂತಿತು. ಅದಕ್ಕೆ ಅಡ್ಡ ಗೆರೆ ಇತ್ತು.

ಸರ್ ಕಲ್ಲು ಓದುವುದರಲ್ಲಿ ಸುಳ್ಳಾಡಿರಲಿಲ್ಲ ಎನ್ನುವುದನ್ನು ಹೇಳಬೇಕು. ಯಾರೋ ಬೇಕೆಂದೇ ಮಾಡಿದ್ದು ಎಂದಿದ್ದರು, ಬೇಕೆಂದೇ ಮಾಡಿದ್ದೇ ಅದು. ಆ ‘ಯಾರೋ’ ಬಸ್ಸಿನಲ್ಲಿ ಬಂದು ಎದುರು ಕೂಡುತ್ತಾರೆಂದು ಅವರಿಗೆ ಹೊಳೆದಿರಲಿಲ್ಲ. ಫೋಟೋ ತೆಗೆಯಬಹುದೇ ಎಂದು ಅಜ್ಜಿಯನ್ನು ಕೇಳಿದರು, ಬಾಗಿ, ಗೌರವದಿಂದಲೇ. “ತಕ್ಕೋರಿ. ಕೂಸಿಗೂ ದೃಷ್ಟಿ ಆಗಲಾರದಂಗ ನೋಡಿ ತಕ್ಕೋರಿ,” ಎಂದಳು. ಹೊರಡುವಾಗ ಮೇಡಂ ಇದ್ದ ಕಡೆಗೆ ಮುಖ ಮಾಡಿ, “ನೀವು ಭಾಳ ಓದೀರಿ ಅಂತ ಈಕಿ ಹೇಳ್ಯಾಳ. ಓದಿದ ಕೈ ಕತ್ರಿ ಹಿಡಿಯೋ ಮೊದಲು ಒಂದು ಮಾತು ಕೇಳಬೇಕವ್ವಾ,” ಎಂದಳು. ಮೇಡಂ ತಪ್ಪಾಯಿತು ಎಂದರು. ಅಜ್ಜಿಗೆ ಎಂದರು, ನನಗಲ್ಲ.

ಆ ದಿನ ಅಜ್ಜಿ ನಮ್ಮ ಮನೆಯಲ್ಲೇ ಉಳಿದಳು. ಗುರುವಾರ ಇಬ್ಬರೂ ಮಾನ್ವಿಗೆ ಹೋದೆವು. ಕೂಸು ನಿಜಕ್ಕೂ ಅಂಗೈಯಷ್ಟೇ ಇತ್ತು, ಆದರೆ ಅಳು ಮಾತ್ರ ಓಣಿಗೆ ಕೇಳುವಂತಿತ್ತು. ಅಜ್ಜಿಗೆ ಕಣ್ಣು ಕಾಣದ್ದರಿಂದ ಕಲ್ಲನ್ನು ನಾನು ಗಟ್ಟಿಯಾಗಿ ಹಿಡಿದೆ, ಅವಳು ದಬ್ಬಣದಿಂದ ಹನ್ನೆರಡನೇ ಗೆರೆ ಎಳೆದಳು. ಅಂಚಿನ ಒಳಗೇ ಶುರುವಾಯಿತು, ಅಂಚಿನ ಒಳಗೇ ನಿಂತಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಸುಗೂರೇಶ್ವರನಿಗೆ ಒಂದು ತೆಂಗಿನಕಾಯಿ ಒಡೆದು ಸುಮ್ಮನಾಗುತ್ತಿದ್ದೆ.

ಉಳಿದ ಆರು ಕಲ್ಲುಗಳನ್ನು ಹುಡುಕಬೇಕಿತ್ತು. ಸರ್ ಕೊಯ್ಯುವ ಕೆಲಸ ನಿಲ್ಲಿಸಿ ಡಬ್ಬಿಯನ್ನು ಇಲ್ಲೇ ಬಿಟ್ಟು ಹೋಗಿದ್ದರು. ನಾನು ಅಲ್ಲಿದ್ದ ಕಲ್ಲುಗಳನ್ನೆಲ್ಲ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಅರಿವೆ ಸುತ್ತಿಟ್ಟು, ಹೊತ್ತುಕೊಂಡು ಮನೆ ಮನೆಗೆ ಹೋದೆ. ಮಾನ್ವಿಯ ಒಬ್ಬಳು ಡಬ್ಬಿ ತೆರೆದ ಕೂಡಲೇ ತನ್ನದನ್ನು ಎತ್ತಿಕೊಂಡಳು, ಸಂತೆಯಲ್ಲಿ ತನ್ನ ಕೂಸನ್ನು ಎತ್ತಿಕೊಂಡ ಹಾಗೆ. ಇನ್ನೊಬ್ಬಳು ಕೈಯಲ್ಲಿ ಹಿಡಿದು, ಬೆರಳು ಕೂಡುವ ತಗ್ಗು ನೋಡಿ ಗುರುತಿಸಿದಳು. ಒಬ್ಬಳು ನಾಲಿಗೆಗೆ ತಾಗಿಸಿ ನೋಡಿದಳು. ಎಲ್ಲಾ ಕೆಂಪು ಕಲ್ಲೂ ಒಂದೇ ಥರ ಎಂದವರು ಅಲ್ಲಿರಬೇಕಿತ್ತು. ಎಂಟು ದಿನದಲ್ಲಿ ಐದು ಕಲ್ಲು ಮನೆ ಸೇರಿದವು.

ಕಡೆಗೆ ಜಾಲಹಳ್ಳಿ. ಅಕ್ಕ ಅಂಗಳದಲ್ಲಿ ಚಾಪೆ ಹಾಕಿ ಎಲ್ಲವನ್ನೂ ಹರಡಿ ನೋಡಿದಳು. ಒಮ್ಮೆ ನೋಡಿದಳು, ಕೈ ಒರೆಸಿಕೊಂಡು ಇನ್ನೊಮ್ಮೆ ನೋಡಿದಳು.

“ಇದರಾಗ ನಂದಿಲ್ರಿ ಅಕ್ಕಾ.”

“ಸರಿಯಾಗಿ ನೋಡವ್ವಾ.”

“ನಂದು ನನಗ ಗೊತ್ತಾಗಲ್ಲೇನು? ಇಲ್ರಿ.”

ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾನೇ ಎಣಿಸಿದೆ. ನಲವತ್ತೆರಡು ಇರಬೇಕಿತ್ತು, ನಲವತ್ತೇ ಇದ್ದವು. ಮೊದಲೇ ಎಣಿಸದಿದ್ದಕ್ಕೆ ಹಣೆ ಬಡಿದುಕೊಂಡೆ. ರಾಯಚೂರಿಗೆ ಬಂದು ಮೇಡಂನ ಕೇಳಿದರೆ ಅವರು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ ಹೇಳಿದರು: ಆ ಮಂಗಳವಾರವೇ ಎರಡು ಕಲ್ಲು ಕೊಯ್ಯಲು ಹೋಗಿದ್ದವು. ಯಂತ್ರದ ಪರೀಕ್ಷೆಗೆ ಮಾಮೂಲಿ ತುಂಡು ಬೇಕಿತ್ತು. “ಏನೂ ಗುರುತಿಲ್ಲದ್ದು ನೋಡಿ ಕಳಿಸಿದ್ವಿ ಅಮ್ಮ, ನಷ್ಟ ಆಗಬಾರದು ಅಂತ.”

ರಿಜಿಸ್ಟರ್ ತೆಗೆದು ತೋರಿಸಿದರು. ಅಚ್ಚು ಹಾಕಿಸಿದ ಅಂಕಣಗಳು: ಕ್ರಮಸಂಖ್ಯೆ, ತೂಕ, ಬಣ್ಣ, ಗುರುತು. ಆ ಎರಡು ಕಲ್ಲುಗಳ ಮುಂದೆ, ಗುರುತು ಎಂಬಲ್ಲಿ, ಅವರ ಚೆಂದದ ಅಕ್ಷರದಲ್ಲಿ ‘ಇಲ್ಲ’ ಎಂದಿತ್ತು.

ಹದಿನೈದು ದಿನಕ್ಕೆ ಪಾರ್ಸಲ್ ಬಂತು. ಅಕ್ಕನ ಕಲ್ಲು ಎರಡು ಹೋಳಾಗಿತ್ತು. ಕೊಯ್ದ ಮುಖ ಕನ್ನಡಿಯಂತೆ ಹೊಳೆಯುತ್ತಿತ್ತು. ನಡುವಿನ ಒಂದು ಬಿಲ್ಲೆಯನ್ನು ಗಾಜಿಗೆ ಅಂಟಿಸಲು ಇಟ್ಟುಕೊಂಡಿದ್ದರು. “ನಾನೇ ಬಂದು ಹೇಳಲಾ?” ಎಂದರು ಮೇಡಂ. ಬೇಡ ಎಂದೆ. ಅವರು ಹೋದರೆ ಅಕ್ಕ ಕುರ್ಚಿ ಹಾಕಬೇಕಾಗುತ್ತಿತ್ತು, ಚಹಾ ಮಾಡಬೇಕಾಗುತ್ತಿತ್ತು, ಪರವಾಗಿಲ್ಲ ಅನ್ನಬೇಕಾಗುತ್ತಿತ್ತು.

ಅಕ್ಕ ನನ್ನ ಮುಂದೆ ಪರವಾಗಿಲ್ಲ ಅನ್ನಲಿಲ್ಲ. ಎರಡು ಹೋಳನ್ನು ಜೋಡಿಸಿ ನೋಡಿದಳು. ನಡುವೆ ಬಿಲ್ಲೆ ಹೋಗಿದ್ದರಿಂದ ಅಂಚಿಗೆ ಅಂಚು ಕೂಡಲಿಲ್ಲ. ತಿರುಗಿಸಿ ಜೋಡಿಸಿದಳು. ಆಗಲೂ ಕೂಡಲಿಲ್ಲ.

“ಆ ಅಜ್ಜೀದು ಯಾಕ ಉಳೀತ್ರಿ?”

“ಅದರ ಮ್ಯಾಲ ಗೆರಿ ಇದ್ದುವವ್ವಾ.”

“ನಮ್ಮವ್ವ ಗೆರಿ ಹಾಕಿರಲಿಲ್ಲ,” ಎಂದಳು. ಹೋಳುಗಳನ್ನು ಕೆಳಗಿಟ್ಟು, “ನಾ ಕರಾರು ಹಾಕಲಿಲ್ಲ, ಹಂಗೇ ಕೊಟ್ಟೆ. ಹಂಗೇ ಕೊಟ್ಟಿದ್ದಕ್ಕ ಹಿಂಗೇನು?” ಎಂದಳು. ಬರುವಾಗ ಕರೆದು ನಾಲ್ಕು ಬದನೆಕಾಯಿ ಉಡಿಯಲ್ಲಿ ಹಾಕಿದಳು. ಅದನ್ನು ಪುಣ್ಯದ ಲೆಕ್ಕಕ್ಕೆ ಸೇರಿಸಲು ಇವತ್ತಿಗೂ ಕೈ ಬಂದಿಲ್ಲ.

ಮರುದಿನ ಮೇಡಂ ಏಳು ಕಾಗದ ಮುಂದಿಟ್ಟರು. ಎರವಲು ಪಡೆದ ಸಾಮಗ್ರಿಗಳನ್ನು ಸುಸ್ಥಿತಿಯಲ್ಲಿ ಹಿಂತಿರುಗಿಸಲಾಗಿದೆ ಎಂದು ಮನೆಗೊಂದು. ಸಾಕ್ಷಿ ಎಂದು ನಾನು ಸಹಿ ಮಾಡಬೇಕು. ಆರಕ್ಕೆ ಮಾಡಿದೆ. ಏಳನೆಯದು ಜಾಲಹಳ್ಳಿ ಅಕ್ಕನದು, ಅದನ್ನು ಪಕ್ಕಕ್ಕೆ ಸರಿಸಿ, “ರಿಜಿಸ್ಟರ್ ಕೊಡ್ರಿ ಮೇಡಂ,” ಎಂದೆ.

“ಯಾಕಮ್ಮ?”

“ಕೊಡ್ರಿ.”

ಕೊಟ್ಟರು. ಮಧ್ಯಾಹ್ನದ ನನ್ನ ಬುತ್ತಿಯಿಂದ ಎರಡು ಅನ್ನದ ಅಗಳು ತೆಗೆದು ಹೆಬ್ಬೆರಳಿನಿಂದ ಹಿಸುಕಿದೆ. ಅಕ್ಕನ ಕಲ್ಲಿನ ಮುಂದೆ ‘ಇಲ್ಲ’ ಎಂದಿದ್ದ ಕಡೆ ಅದನ್ನು ಸವರಿ, ಅವತ್ತು ಮೇಜಿನ ಮೇಲಿಂದ ಎತ್ತಿಕೊಂಡು ಕುಂಕುಮದ ಭರಣಿಯಲ್ಲಿ ಇಷ್ಟು ದಿನ ಇಟ್ಟುಕೊಂಡಿದ್ದ ಆ ಹಳದಿ ದಾರವನ್ನು ಮೇಲೆ ಇಟ್ಟು ಒತ್ತಿದೆ. ಕತ್ತರಿಸಿದ ತುದಿಗಳು ಎರಡು ಕಡೆ ಚಾಚಿಕೊಂಡವು, ನಡುವೆ ನಾಲ್ಕು ಗಂಟು. ಒಣಗುವ ತನಕ ಬೆರಳು ತೆಗೆಯಲಿಲ್ಲ. ಮೇಡಂ ನೋಡುತ್ತ ಕೂತಿದ್ದರು.